ನನ್ನೆದುರು ಕೂತವರಿಗೆ, ನಿಂತವರಿಗೆ

ನಾನು ಬರೆದ ಭಾವಚಿತ್ರಗಳ ಪ್ರದರ್ಶನ ಭಾನುವಾರ ಮುಗಿಯಿತು. ನೋಡಲು ಬಂದವರಿಗೆ, ಕೊಂಡವರಿಗೆ, ಉತ್ತರದ ಕಿಟಕಿಯ ಕೋಣೆಯನ್ನು ಕಡಿಮೆ ಬಾಡಿಗೆಗೆ ಬಿಟ್ಟುಕೊಟ್ಟ ಮನೆಯವರಿಗೆ ನಮಸ್ಕಾರ. ಇನ್ನು ಮುಂದಿನದೆಲ್ಲ ಮಾಡೆಲ್‌ಗಳಾಗಿ ಬಂದವರಿಗೆ. ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ.

ದೇವರಾಜ ಮಾರುಕಟ್ಟೆಯ ಹೂವಿನ ಅಮ್ಮ ಮೊದಲ ದಿನವೇ ಸುಸ್ತಾದರು. "ದಿನವೆಲ್ಲ ಕೂತು ಹೂ ಕಟ್ಟಿದ್ರೂ ಏನೂ ಆಗಲ್ಲ, ಸುಮ್ನೆ ಕೂರೋದೇ ಕಷ್ಟ ಕಣಪ್ಪ" ಅಂದರು. ನಿಜ. ಕೆಲಸ ಮಾಡುವ ಮೈ ತನಗೇ ಗೊತ್ತಿಲ್ಲದಂತೆ ಭಾರವನ್ನು ಅತ್ತಿತ್ತ ಹೊರಳಿಸುತ್ತಿರುತ್ತದೆ. ಮಾಡೆಲ್‌ಗೆ ಆ ಸವಲತ್ತಿಲ್ಲ. ಆಮೇಲೆ ಕೈಗೆ ಮಲ್ಲಿಗೆ, ದಾರ ಕೊಟ್ಟೆ. ಬೆರಳು ಆಡತೊಡಗಿದ ಮೇಲೆ ಕತ್ತು ತಾನಾಗಿ ನಿಂತಿತು.

20 ನಿಮಿಷ ಭಂಗಿ, 5 ನಿಮಿಷ ಬಿಡುವು. ಏಳುವ ಮುಂಚೆ ಪಾದದ ಸುತ್ತ ಸೀಮೆಸುಣ್ಣದ ಗೆರೆ. ಮಂಡ್ಯದಿಂದ ಬರುತ್ತಿದ್ದ ಹಳೇ ಪೈಲ್ವಾನರಿಗೆ ಮಾತ್ರ ಗೆರೆ ಬೇಕಾಗುತ್ತಿರಲಿಲ್ಲ, ಟೀ ಕುಡಿದು ಬಂದು ಹೆಬ್ಬೆರಳು ಸಮೇತ ಅದೇ ಜಾಗಕ್ಕೆ ನಿಲ್ಲುತ್ತಿದ್ದರು. ಭಾರ ಹೊತ್ತ ಕಾಲಿನ ಕಡೆ ಸೊಂಟ ಏರುತ್ತದೆ, ಅದೇ ಕಡೆಯ ಭುಜ ಇಳಿಯುತ್ತದೆ. ಪಾಠದಲ್ಲಿ ಕೇಳಿದ್ದೆ, ಕಣ್ಣಿಗೆ ಹತ್ತಿದ್ದು ಅವರು ನಿಂತಾಗ.

"ಫೋಟೋ ನೋಡಿ ಬರೆಯಬಹುದಿತ್ತಲ್ಲ?" ಅಂತ ಹಲವರು ಕೇಳಿದರು. ಬರೆಯಬಹುದು. ಆದರೆ ಫೋಟೋದಲ್ಲಿ ನೆರಳು ಬಹುಪಾಲು ಕಪ್ಪಾಗಿಬಿಡುತ್ತದೆ. ಪೈಲ್ವಾನರ ದವಡೆಯ ಕೆಳಗಿನ ನೆರಳಿನಲ್ಲಿ, ಹೆಗಲ ಮೇಲಿನ ಬಿಳಿ ಟವೆಲಿನಿಂದ ಪುಟಿದ ತೆಳು ಬೆಳಕಿತ್ತು. ಅದಕ್ಕೆ ಓಕರ್ ಅನ್ನುವ ಮಣ್ಣಿನ ಹಳದಿ ಬಣ್ಣಕ್ಕೆ ಚೂರು ನೀಲಿ ಬೆರೆಸಿ, ಒರೆಸಿ, ಮತ್ತೆ ಬೆರೆಸಿ ಒಂದು ಬೆಳಗ್ಗೆಯೇ ಹೋಯಿತು. ಅವರು ಅಲ್ಲಾಡಲಿಲ್ಲ.

ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ಈಗಲೂ ಎಷ್ಟೋ ಜನ ರವಿವರ್ಮರದ್ದು ಅಂತಲೇ ತೋರಿಸುತ್ತಾರೆ. ಬರೆದವರು ಎಸ್.ಎಲ್. ಹಲ್ದಣ್ಕರ್, ಅದೂ ಜಲವರ್ಣದಲ್ಲಿ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. 2018ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಬರೆದವರ ಹೆಸರೇ ಅದಲುಬದಲಾಗುವ ಕಡೆ, ನಿಂತವರನ್ನು ಯಾರು ಕೇಳುತ್ತಾರೆ?

ಅದಕ್ಕೇ ಇದನ್ನು ಎಲ್ಲರೆದುರು ಹೇಳುತ್ತಿದ್ದೇನೆ: ಆ ಚಿತ್ರಗಳಲ್ಲಿ ಅರ್ಧ ದುಡಿಮೆ ನಿಮ್ಮದು. ಕೂತ ದಿನಗಳ ಕೂಲಿ ಆಗಲೇ ಸಂದಿದೆ, ಅದು ಬೇರೆ ಲೆಕ್ಕ. ಮಾರಾಟದ ಹಣದಲ್ಲಿ ನಿಮ್ಮ ಪಾಲನ್ನು ಈ ವಾರವೇ ಮನೆಗೆ ತಂದುಕೊಡುತ್ತೇನೆ. ಪೈಲ್ವಾನರೇ, ಬೇಡ ಅನ್ನಬೇಡಿ.