ಭದ್ರಾವತಿಯ ಕ್ಯಾಸೆಟ್, ಶೆಫೀಲ್ಡಿನ ಹಾಡು

ಶೆಫೀಲ್ಡ್,
ಭಾನುವಾರ ಸಂಜೆ

ಪ್ರೀತಿಯ ಅಣ್ಣನಿಗೆ ತಂಗಿಯ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಮಂಡಿನೋವು ಈಗ ಹೇಗಿದೆ? ಫೋನಿನಲ್ಲಿ ಕೇಳಿದರೆ "ಏನಿಲ್ಲ ಕಣೆ, ಚೆನ್ನಾಗಿದ್ದೀನಿ" ಅಂತಾಳೆ. ಅದನ್ನು ನಂಬೋಕಾಗಲ್ಲ, ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಅತ್ತಿಗೆ ಕಳಿಸಿದ ಚಟ್ನಿಪುಡಿ ತಲುಪಿತು. ಡಬ್ಬ ಒಡೆದಿತ್ತು, ಪುಡಿ ಮಾತ್ರ ಉಳಿದಿತ್ತು.

ಅಟ್ಟ ಖಾಲಿ ಮಾಡುವಾಗ ಹಳೆಯ ಕ್ಯಾಸೆಟ್ ಡಬ್ಬ ಸಿಕ್ಕಿತು, ಗುಜರಿಗೆ ಹಾಕಿಬಿಡಲಾ ಅಂತ ಹೋದ ವಾರ ಕೇಳಿದೆಯಲ್ಲ. ಹಾಕಬೇಡ. ಯಾಕೆ ಅಂತ ಫೋನಿನಲ್ಲಿ ಹೇಳಲು ಹೊರಟರೆ ಮಧ್ಯದಲ್ಲೇ ನಕ್ಕು ಅಮ್ಮನಿಗೆ ಫೋನ್ ಕೊಡುತ್ತೀಯ. ಅದಕ್ಕೇ ಈ ಕಾಗದ.

ಆ ಡಬ್ಬದಲ್ಲಿ ನೀನು ಇಂಜಿನಿಯರಿಂಗ್ ಓದುವಾಗ ಬ್ರಿಗೇಡ್ ರೋಡ್ ಹತ್ತಿರದ ಅಂಗಡಿಯಲ್ಲಿ ಪಟ್ಟಿ ಕೊಟ್ಟು ತುಂಬಿಸಿಕೊಂಡು ಬಂದ ಕ್ಯಾಸೆಟ್ ಇರಬೇಕು ನೋಡು. ಹಾಡುಗಳ ಹೆಸರನ್ನು ಅಂಗಡಿಯವನು ಬಾಲ್‌ಪೆನ್ನಿನಲ್ಲಿ ತನಗೆ ತೋಚಿದ ಹಾಗೆ ಬರೆದಿದ್ದ. ಮೊದಲ ಹಾಡು ಹ್ಯೂಮನ್ ಲೀಗ್ ಅನ್ನುವ ಇಂಗ್ಲೆಂಡಿನ ತಂಡದ 'ಡೋಂಟ್ ಯು ವಾಂಟ್ ಮಿ'. ನೀನು ರಜೆಗೆ ಬಂದು ಟು-ಇನ್-ಒನ್‌ನಲ್ಲಿ ಜೋರಾಗಿ ಹಾಕಿದಾಗ, ಶಿಫ್ಟ್ ಮುಗಿಸಿ ಬಂದ ಅಪ್ಪ ಅಂದಿದ್ದು ನೆನಪಿದೆಯಾ? "ಏನೋ ಇದು, ಕಾರ್ಖಾನೆಯಲ್ಲೂ ಮೆಷಿನ್ನು, ಮನೆಗೆ ಬಂದರೂ ಮೆಷಿನ್ನು." ಅಪ್ಪ ಬೈದರು ಅಂತಷ್ಟೇ ನಾವು ತಿಳಿದುಕೊಂಡೆವು.

ಈಗ ನಾನಿರುವುದು ಆ ಹಾಡು ಹುಟ್ಟಿದ ಊರಿನಲ್ಲಿ. ಇದೂ ನಮ್ಮ ಭದ್ರಾವತಿಯ ಹಾಗೆ ಉಕ್ಕಿನ ಊರು. ಎಷ್ಟೋ ಕಾರ್ಖಾನೆಗಳು ಈಗ ಇಲ್ಲ. ಹ್ಯಾಡ್‌ಫೀಲ್ಡ್ಸ್ ಅನ್ನುವ ದೊಡ್ಡ ಉಕ್ಕಿನ ಕಾರ್ಖಾನೆ ಇದ್ದ ಜಾಗದಲ್ಲಿ 1990ರಲ್ಲಿ ಮೆಡೋಹಾಲ್ ಅಂತ ಮಾಲ್ ಬಂತು. ನಾವು ಚಪ್ಪಲಿ, ಸ್ವೆಟರ್ ತರುವುದು ಅಲ್ಲೇ. ರಾತ್ರಿಯೆಲ್ಲ ಉಕ್ಕು ಬಡಿಯುವ ಭಾರಿ ಸುತ್ತಿಗೆಗಳ ಸದ್ದು ಊರಿಗೆಲ್ಲ ಕೇಳುತ್ತಿತ್ತು, ಅದನ್ನು ಕೇಳಿಕೊಂಡು ಮಲಗಿದ ಹುಡುಗರೇ ಮುಂದೆ ಇಂಥ ಸಂಗೀತ ಮಾಡಿದರು ಅಂತ ಇಲ್ಲಿನವರು ಹೇಳುತ್ತಾರೆ. ಸ್ವಲ್ಪ ಬಣ್ಣ ಹಚ್ಚಿದ ಮಾತು ಇರಬಹುದು. ಆದರೂ ಅಪ್ಪ ಒಂದೇ ಸಲ ಕೇಳಿ ಹಿಡಿದುಬಿಟ್ಟಿದ್ದರು, ಅಲ್ವಾ?

ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬಾಕೆ ಇದ್ದಾಳೆ, ಇದೇ ಊರಿನವಳು, ಅರವತ್ತು ಆಗಿದೆ. ಟೀ ಕುಡಿಯುವಾಗ ಹ್ಯೂಮನ್ ಲೀಗ್ ಹೆಸರು ಎತ್ತಿದೆ ನೋಡು, ಡ್ಯೂಟಿಗೆ ವಾಪಸ್ ಹೋಗುವುದೇ ಮರೆತುಹೋಯಿತು. ಅವಳ ಹರೆಯ ಎಲ್ಲ ಅದರಲ್ಲೇ ಇದೆ. ಹುಡುಗರು ಅವಳ ಕೈಯಿಂದ ಕಾಡಿಗೆ ಪೆನ್ಸಿಲ್ ಇಸ್ಕೊಂಡು ಹಚ್ಚಿಕೊಳ್ಳುತ್ತಿದ್ದರಂತೆ.

ಆ ತಂಡದ ಕಥೆ ನಿನಗೆ ಗೊತ್ತಾ? ಶುರು ಮಾಡಿದ ಮಾರ್ಟಿನ್ ವೇರ್, ಇಯಾನ್ ಕ್ರೇಗ್ ಮಾರ್ಷ್ ಇಬ್ಬರೂ ಕಂಪ್ಯೂಟರ್ ಆಪರೇಟರ್‌ಗಳು. ಹಾಡುವ ಫಿಲ್ ಓಕಿ ಆಸ್ಪತ್ರೆಯಲ್ಲಿ ಪೋರ್ಟರ್ ಆಗಿದ್ದವನು. ಸ್ಟ್ರೆಚರ್ ತಳ್ಳುವ ಹುಡುಗರನ್ನು ನಾನೀಗ ಬೇರೆ ಕಣ್ಣಿನಿಂದ ನೋಡುತ್ತೇನೆ! 1980ರಲ್ಲಿ ಜಗಳ ಆಗಿ ವೇರ್, ಮಾರ್ಷ್ ಇಬ್ಬರೂ ಬಿಟ್ಟು ಹೋದರು, ಹೆವನ್ 17 ಅಂತ ಬೇರೆ ತಂಡ ಕಟ್ಟಿದರು. ವಾದ್ಯ ನುಡಿಸುವವರೇ ಹೋದಮೇಲೆ ಉಳಿದವರು ಯಾರು ಅಂದರೆ ಓಕಿ, ಮತ್ತೆ ಕಛೇರಿ ನಡೆಯುವಾಗ ಹಿಂದೆ ಪರದೆಯ ಮೇಲೆ ಸ್ಲೈಡ್ ಹಾಕುತ್ತಿದ್ದ ಏಡ್ರಿಯನ್ ರೈಟ್. ಯೂರೋಪ್ ಪ್ರವಾಸ ಬೇರೆ ಹತ್ತಿರ ಬಂದಿತ್ತು.

ಆಗ ಓಕಿ ಇಲ್ಲಿನ ಹೈಸ್ಟ್ರೀಟಿನ ಕ್ರೇಜಿ ಡೈಸಿ ಅನ್ನುವ ಕ್ಲಬ್ಬಿಗೆ ಹೋದ. ಅಲ್ಲಿ ಇಬ್ಬರು ಹುಡುಗಿಯರು ಕುಣಿಯುತ್ತಿದ್ದರು. ಜೊಆನ್ ಕ್ಯಾಥರಲ್, ಸೂಸನ್ ಆನ್ ಸಲಿ. ಇನ್ನೂ ಸ್ಕೂಲಿಗೆ ಹೋಗುತ್ತಿದ್ದ ಗೆಳತಿಯರು. ಅವರನ್ನು ಕರೆದು ತಂಡಕ್ಕೆ ಸೇರುತ್ತೀರಾ ಅಂತ ಕೇಳಿದ. ಮನೆಯವರ ಒಪ್ಪಿಗೆ ಕೇಳಬೇಕಾಯಿತು, ಇಬ್ಬರೂ ಒಟ್ಟಿಗೇ ಹೋಗುವುದಾದರೆ ಸರಿ ಅಂತಾಯಿತು. ನಮ್ಮ ಅಪ್ಪ ಆಗಿದ್ದರೆ ಓಕಿಯ ಜುಟ್ಟು ನೋಡಿಯೇ ಬಾಗಿಲು ಹಾಕುತ್ತಿದ್ದರು. ಅವನ ಕೂದಲು ಒಂದು ಕಡೆ ಮೋಟು, ಇನ್ನೊಂದು ಕಡೆ ಮುಖ ಮುಚ್ಚುವಷ್ಟು ಉದ್ದ. ಆ ಕ್ಲಬ್ಬು ಈಗ ಇಲ್ಲ. ಆ ಮೂವರು ಮಾತ್ರ ಇವತ್ತಿಗೂ ಅದೇ ಹೆಸರಿನಲ್ಲಿ ಹಾಡುತ್ತಿದ್ದಾರೆ.

1981ರಲ್ಲಿ ಬಂದ ಅವರ 'ಡೇರ್' ಆಲ್ಬಮ್ಮಿನಲ್ಲಿ ಗಿಟಾರ್ ಇಲ್ಲ, ಡ್ರಮ್ ಬಡಿಯುವವನೂ ಇಲ್ಲ. ಎಲ್ಲ ಸಿಂಥಸೈಜರ್, ಅಂದರೆ ಕರೆಂಟಿನಿಂದಲೇ ಸ್ವರ ಹುಟ್ಟಿಸುವ ಕೀಬೋರ್ಡು, ಮತ್ತೆ ಲಿನ್ ಡ್ರಮ್ ಮೆಷಿನ್. ಜಪಾನಿನ ಕೋರ್ಗ್, ರೋಲ್ಯಾಂಡ್ ಸಿಂಥ್‌ಗಳು ಸ್ವಲ್ಪ ಅಗ್ಗವಾಗಿದ್ದರಿಂದ ಸಾಮಾನ್ಯ ಮನೆಯ ಹುಡುಗರ ಕೈಗೂ ಸಿಗುತ್ತಿದ್ದವು. ವರ್ಷಗಟ್ಟಲೆ ಪಾಠ ಬೇಕಿರಲಿಲ್ಲ, ಒಂದು ಬೆರಳಿನಲ್ಲೇ ಹಾಡು ಕಟ್ಟಬಹುದಿತ್ತು. ನಿನಗೆ ಇಷ್ಟವಾದ ಆ ಹಾಡು ಇದೆಯಲ್ಲ, ಅದು ಓಕಿಗೆ ಹಿಡಿಸಿರಲಿಲ್ಲ. ನಿರ್ಮಾಪಕ ಮಾರ್ಟಿನ್ ರಷಂಟ್ ಅದನ್ನು ತೀರಾ ಮೆತ್ತಗೆ ಮಾಡಿದ ಅಂತ ಬೇಜಾರು. ಆಲ್ಬಮ್ಮಿನ ಕೊನೆಯಲ್ಲಿ ತಳ್ಳಿದ. ಸಿಂಗಲ್ ಆಗಿ, ಅಂದರೆ ಅದೊಂದೇ ಹಾಡಿನ ರೆಕಾರ್ಡ್ ಮಾಡಿ ಬಿಡುವುದೂ ಬೇಡ ಅಂದ. ಕಂಪನಿಯವರು ಕೇಳದೆ ಬಿಟ್ಟರು. ಆ ವರ್ಷ ಕ್ರಿಸ್‌ಮಸ್‌ಗೆ ಇಲ್ಲಿ ಅದೇ ನಂಬರ್ ಒನ್, ಮುಂದಿನ ವರ್ಷ ಅಮೆರಿಕದಲ್ಲೂ ನಂಬರ್ ಒನ್.

ಅಮೆರಿಕದಲ್ಲಿ ಗೆದ್ದಿದ್ದು ವಿಡಿಯೊ ಇದ್ದಿದ್ದಕ್ಕೆ. ಹಾಡಿನ ವಿಡಿಯೊಗಳನ್ನೇ ಹಾಕುವ ಎಂಟಿವಿ ಚಾನೆಲ್ ಅಲ್ಲಿ ಶುರುವಾಗಿದ್ದು 1981ರ ಆಗಸ್ಟ್ 1ರಂದು. ಮೊದಲು ಹಾಕಿದ್ದು ಬಗಲ್ಸ್ ಅನ್ನುವ ಇಂಗ್ಲೆಂಡಿನ ಇಬ್ಬರು ಮಾಡಿದ 'ವಿಡಿಯೊ ಕಿಲ್ಡ್ ದಿ ರೇಡಿಯೊ ಸ್ಟಾರ್', ಅದೂ ಎರಡು ವರ್ಷ ಹಳೆಯ ಹಾಡು. ಮಜಾ ಏನು ಗೊತ್ತಾ, ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಆ ಚಾನೆಲ್ ಬರುತ್ತಲೇ ಇರಲಿಲ್ಲ. ಚಾನೆಲ್ ಮಾಡಿದವರೇ ತಮ್ಮ ಚಾನೆಲ್ ನೋಡಲು ನದಿ ದಾಟಿ ನ್ಯೂಜೆರ್ಸಿಗೆ ಹೋಗಿದ್ದರು. ನಾವು ಕೇಬಲ್ ಇದ್ದ ಪಕ್ಕದ ಮನೆಗೆ ಹೋಗಿ ಕೂರುತ್ತಿರಲಿಲ್ಲವಾ, ಹಾಗೇ.

ದಿನವಿಡೀ ಹಾಕಲು ಅವರ ಹತ್ತಿರ ಬೇಕಾದಷ್ಟು ವಿಡಿಯೊ ಇರಲಿಲ್ಲ. ಅಮೆರಿಕದ ಎಷ್ಟೋ ತಂಡಗಳು ವಿಡಿಯೊ ಮಾಡಿಸುವ ಗೋಜಿಗೇ ಹೋಗಿರಲಿಲ್ಲ. ಇಲ್ಲಿ ಬ್ರಿಟನ್ನಿನಲ್ಲಿ ಮಾಡಿಸುತ್ತಿದ್ದರು. ಬಿಬಿಸಿಯಲ್ಲಿ ಗುರುವಾರ ಸಂಜೆ ಟಾಪ್ ಆಫ್ ದಿ ಪಾಪ್ಸ್ ಅನ್ನುವ ಹಾಡಿನ ಕಾರ್ಯಕ್ರಮ ಬರುತ್ತಿತ್ತು, ತಂಡ ಊರಲ್ಲಿ ಇಲ್ಲದಿದ್ದರೆ ತೋರಿಸಲು ಏನಾದರೂ ಬೇಕಲ್ಲ. ಹಾಗೆ ಮಾಡಿಟ್ಟದ್ದೆಲ್ಲ ಎಂಟಿವಿಗೆ ಹೋಯಿತು. ಅಲ್ಲಿನ ರೇಡಿಯೊದವರು ಮುಟ್ಟದಿದ್ದ ಹಾಡುಗಳನ್ನು ಹುಡುಗರು ಟಿವಿಯಲ್ಲಿ ನೋಡಿ ಅಂಗಡಿಗೆ ಓಡಿದರು.

ಆದ್ದರಿಂದ ನನ್ನ ಸಹೋದ್ಯೋಗಿಗೆ ಆ ಹಾಡು ಅಂದ ತಕ್ಷಣ ಬರುವುದು ಚಿತ್ರ. ರಾತ್ರಿ ಮಳೆಯಲ್ಲಿ ಸಿನಿಮಾ ಶೂಟಿಂಗ್ ನಡೆಯುವ ಸೆಟ್ಟು, ಓವರ್‌ಕೋಟು, ಲಿಪ್‌ಸ್ಟಿಕ್ಕು. ಹಾಡು ಆಮೇಲೆ. ನಮಗೆ ಹಾಗಲ್ಲ. ಸ್ಟಾರ್ ಟಿವಿಯ ಜೊತೆ ಎಂಟಿವಿ ನಮ್ಮ ಕಡೆ ಬಂದಿದ್ದು 1991ರ ಕೊನೆಯ ಹೊತ್ತಿಗೆ. ಅಲ್ಲಿಯವರೆಗೆ ನಾವು ಬರೀ ಕಿವಿಯಲ್ಲಿ ಕೇಳಿದವರು. ಮುಖ ಗೊತ್ತಿಲ್ಲ, ಬಟ್ಟೆ ಗೊತ್ತಿಲ್ಲ, ಊರು ಗೊತ್ತಿಲ್ಲ. ಹ್ಯೂಮನ್ ಲೀಗಿನ ಹೆಣ್ಣುದನಿ ಯಾವುದೋ ಅರಮನೆಯಂಥ ಬಂಗಲೆಯ ದೊಡ್ಡ ಹೆಂಗಸಿನದು ಅಂತ ನಾನು ಅಂದುಕೊಂಡಿದ್ದೆ. ನೀನು ಅವಳು ಏರ್‌ಹೋಸ್ಟೆಸ್ ಆಗಿದ್ದಳು ಅಂತ ಖಂಡಿತವಾಗಿ ಹೇಳಿದ್ದೆ. ಯಾರು ಹೇಳಿದ್ದು ನಿನಗೆ?

ಇದನ್ನೇ ನಾನು ಆಕೆಗೆ ಹೇಳಿದೆ. ಅವಳಿಗೆ ನಂಬಿಕೆಯೇ ಬರಲಿಲ್ಲ. ಮುಖ ನೋಡದೆ ಹೇಗೆ ಇಷ್ಟಪಟ್ಟಿರಿ ಅಂದಳು. ನಿಜ ಹೇಳಬೇಕೆಂದರೆ ನನಗೆ ನಮ್ಮದೇ ಜಾಸ್ತಿ ಇಷ್ಟ. ಬಿಬಿಸಿ ಫೋರ್ ಚಾನೆಲ್ಲಿನಲ್ಲಿ 2011ರಿಂದ ಟಾಪ್ ಆಫ್ ದಿ ಪಾಪ್ಸ್ ಹಳೆಯ ಕಂತುಗಳನ್ನು ಮತ್ತೆ ಹಾಕುತ್ತಿದ್ದಾರೆ, ನಾನೂ ನೋಡುತ್ತೇನೆ. ಒಮ್ಮೊಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿದರೇ ಹಾಡು ಸರಿಯಾಗಿ ಕೇಳಿಸುತ್ತದೆ. ಇವರು ನೋಡಿದ್ದು ಎಲ್ಲರಿಗೂ ಒಂದೇ ವಿಡಿಯೊ. ನಮ್ಮ ಮನೆಯಲ್ಲೇ ಒಂದು ಹಾಡಿಗೆ ಎರಡು ಮೂರು ಇದ್ದವು.

ಹಾಗಂತ ವಿಡಿಯೊಗಳು ಸಪ್ಪೆ ಅನ್ನುತ್ತಿಲ್ಲ. ಯುರಿಥ್ಮಿಕ್ಸ್‌ನ 'ಸ್ವೀಟ್ ಡ್ರೀಮ್ಸ್' ಮೊದಲ ಸಲ ನೋಡಿದ ದಿನ ನೀನು ಊರಲ್ಲಿದ್ದೆಯಾ? ಆ್ಯನಿ ಲೆನಕ್ಸ್ ಕಿತ್ತಳೆ ಬಣ್ಣದ ಮೋಟುಗೂದಲು ಬಿಟ್ಟುಕೊಂಡು, ಗಂಡಸರ ಸೂಟು ಹಾಕಿಕೊಂಡು ಮೇಜು ಕುಟ್ಟುತ್ತಾಳೆ. ಆಮೇಲೆ ಆಫೀಸಿನೊಳಗೆ ಒಂದು ಹಸು ಬರುತ್ತದೆ. ಅಮ್ಮ ಅಕ್ಕಿ ಆರಿಸುವುದು ಬಿಟ್ಟು, "ಅಯ್ಯೋ, ಆ ಹಸುವಿಗೆ ಏನಾದರೂ ಹಾಕಿದರಾ ತಿನ್ನೋಕೆ?" ಅಂದಳು. ಹಾಡು ಮುಗಿಯುವವರೆಗೂ ಅವಳಿಗೆ ಅದೇ ಚಿಂತೆ. ಆ ಹಾಡು ಮಾಡಲು ಲೆನಕ್ಸ್ ಮತ್ತು ಡೇವ್ ಸ್ಟೀವರ್ಟ್ ಬ್ಯಾಂಕಿನಲ್ಲಿ ಸಾಲ ತೆಗೆದು ಉಪಕರಣ ಕೊಂಡಿದ್ದರು. ಅಮ್ಮನಿಗೆ ಹೇಳು, ಈ ವಿಷಯ ಅವಳಿಗೆ ಹಿಡಿಸುತ್ತದೆ.

ಡ್ಯುರಾನ್ ಡ್ಯುರಾನ್ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ಜಗಳ ಆಯಿತು, ನನಗೂ ಆ ಸಹೋದ್ಯೋಗಿಗೂ. ಅವರು ಬರ್ಮಿಂಗ್‌ಹ್ಯಾಮಿನ ಹುಡುಗರು. 1982ರಲ್ಲಿ ರಸೆಲ್ ಮಲ್ಕೇಹಿ ಅನ್ನುವ ಆಸ್ಟ್ರೇಲಿಯದ ನಿರ್ದೇಶಕ ಅವರನ್ನು ಶ್ರೀಲಂಕಾಕ್ಕೆ ಕರೆದುಕೊಂಡು ಹೋದ. ಬಗಲ್ಸ್ ವಿಡಿಯೊ ಮಾಡಿದವನೂ ಅವನೇ. 'ಸೇವ್ ಎ ಪ್ರೇಯರ್'ನಲ್ಲಿ ಸಿಗಿರಿಯ ಬಂಡೆ ಇದೆ, ಪೊಲೊನ್ನರುವದ ಬುದ್ಧ ಇದ್ದಾನೆ. 'ಹಂಗ್ರಿ ಲೈಕ್ ದಿ ವುಲ್ಫ್'ನಲ್ಲಿ ಸೂಟು ಹಾಕಿದ ಬಿಳಿಯ ಹುಡುಗ ಸಂತೆ, ಕಾಡು ಎಲ್ಲ ಅಲೆದು ಮೈಗೆ ಬಣ್ಣ ಬಳಿದುಕೊಂಡ ಒಬ್ಬಳನ್ನು ಹುಡುಕುತ್ತಾನೆ. ಅದಕ್ಕೆ 1984ರಲ್ಲಿ ಗ್ರ್ಯಾಮಿ ಕೂಡ ಬಂತು. ಅವಳಿಗೆ ಅದು ಸ್ವರ್ಗ. ನನಗೆ ನಮ್ಮ ಕಡೆಯ ಸಂತೆ, ನಮ್ಮ ಕಡೆಯ ತೆಂಗಿನಮರ, ಮಧ್ಯದಲ್ಲಿ ದಾರಿ ತಪ್ಪಿದ ಒಬ್ಬ ಟೂರಿಸ್ಟ್. ಅಲ್ಲಿನ ಜನ ಸುಮ್ನೆ ಹಿನ್ನೆಲೆಗೆ ನಿಂತ ಹಾಗೆ ಕಾಣುತ್ತಾರೆ, ಅದು ನನಗೆ ಹಿಡಿಸುವುದಿಲ್ಲ ಅಂದೆ.

ಅದಕ್ಕೆ ಅವಳು ಹೇಳಿದ ಮಾತು ಬೇರೆ. 1982ರ ಜನವರಿಯಲ್ಲಿ ಈ ದೇಶದಲ್ಲಿ ಕೆಲಸ ಇಲ್ಲದವರು 30 ಲಕ್ಷ ದಾಟಿದ್ದರು. ಅವಳ ಅಪ್ಪನೂ ಉಕ್ಕಿನ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ. ಆಗ ಟಿವಿಯಲ್ಲಿ ತನ್ನಂಥದೇ ಮನೆಯ ಹುಡುಗರು ರೇಷ್ಮೆ ಸೂಟು ಹಾಕಿಕೊಂಡು ಕೆರಿಬಿಯನ್ ದ್ವೀಪ ಆ್ಯಂಟಿಗದ ಸಮುದ್ರದಲ್ಲಿ ಹಾಯಿದೋಣಿಯ ಮೇಲೆ ನಿಂತಿರುವುದು ಕಂಡರೆ ಹೊಟ್ಟೆಕಿಚ್ಚು ಆಗುತ್ತಿರಲಿಲ್ಲವಂತೆ. ಮೂರು ನಿಮಿಷ ಮನೆಯಿಂದ ಹೊರಗೆ ಹೋಗಿ ಬಂದ ಹಾಗೆ ಆಗುತ್ತಿತ್ತಂತೆ. ನಾನು ಮತ್ತೆ ವಾದ ಮಾಡಲಿಲ್ಲ. ಕಾರ್ಖಾನೆ ಕುಂಟಿದರೆ ಮನೆಯಲ್ಲಿ ಏನಾಗುತ್ತದೆ ಅಂತ ಭದ್ರಾವತಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಶ್ರೀಲಂಕಾದ ಆ ವಿಡಿಯೊ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಇನ್ನೊಂದು ವಿಷಯ ಈ ಹಳೆಯ ಹಾಡಿನವರು ಜಾಸ್ತಿ ಮಾತಾಡುವುದಿಲ್ಲ. ಆಗ ಎಂಟಿವಿಯಲ್ಲಿ ಕಪ್ಪು ಜನರ ಹಾಡು ಕಾಣುವುದೇ ಅಪರೂಪ. 1983ರ ಜನವರಿಯಲ್ಲಿ ಇಂಗ್ಲೆಂಡಿನ ಗಾಯಕ ಡೇವಿಡ್ ಬೋವಿ ಅದೇ ಚಾನೆಲ್ಲಿಗೆ ಸಂದರ್ಶನ ಕೊಡುತ್ತಾ, ಯಾಕೆ ಹೀಗೆ ಅಂತ ಎದುರಿಗಿದ್ದವನನ್ನೇ ಕೇಳಿದ. ಕೆಲವು ವಾರ ಕಳೆದ ಮೇಲೆ ಮೈಕೆಲ್ ಜಾಕ್ಸನ್‌ನ 'ಬಿಲಿ ಜೀನ್' ಬಂತು, ಬಾಗಿಲು ಸ್ವಲ್ಪ ತೆರೆಯಿತು. ಅದರ ವಿಡಿಯೊ ಮಾಡಿದವನು ಸ್ಟೀವ್ ಬ್ಯಾರನ್, ಹ್ಯೂಮನ್ ಲೀಗಿನ ಆ ಮಳೆಯ ವಿಡಿಯೊ ಮಾಡಿದವನೇ. ನಿನ್ನ ರೂಮ್‌ಮೇಟ್ ಕಿರುಚುತ್ತಿದ್ದ 'ಟೇಕ್ ಆನ್ ಮಿ' ಇದೆಯಲ್ಲ, ಪೆನ್ಸಿಲ್ ಚಿತ್ರದ ಹುಡುಗ ಪುಸ್ತಕದಿಂದ ಕೈ ಚಾಚುವುದು, ಅದೂ ಇವನದೇ.

ಪುಟ್ಟಿಗೆ ಒಂದು ಕೆಲಸ ಕೊಡುತ್ತೇನೆ. ಶೀಲಾ ಚಂದ್ರ ಅಂತ ಹುಡುಕಲು ಹೇಳು. ಲಂಡನ್ನಿನಲ್ಲೇ ಹುಟ್ಟಿದ ಭಾರತೀಯ ಮೂಲದವಳು. 1982ರಲ್ಲಿ, ಇನ್ನೂ ಹದಿಹರೆಯದಲ್ಲಿ, ಮಾನ್ಸೂನ್ ಅನ್ನುವ ತಂಡದಲ್ಲಿ 'ಎವರ್ ಸೋ ಲೋನ್ಲಿ' ಹಾಡಿದಳು. ಸಿತಾರ್, ತಬಲಾ ಇಟ್ಟುಕೊಂಡು ಮಾಡಿದ ಪಾಪ್ ಹಾಡು. ಇಲ್ಲಿನ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ಬಂತು. ಬ್ರಿಗೇಡ್ ರೋಡಿನವನು ನಿನ್ನ ಕ್ಯಾಸೆಟ್ಟಿಗೆ ಇದನ್ನು ಯಾಕೆ ಹಾಕಿಕೊಡಲಿಲ್ಲವೋ. ಮುಂದೆ ಅವಳು ಪಾಪ್ ಬಿಟ್ಟು ಬೇರೆ ದಾರಿ ಹಿಡಿದಳು. 1992ರ ಅವಳ ಆಲ್ಬಮ್ಮಿನಲ್ಲಿ 'ಸ್ಪೀಕಿಂಗ್ ಇನ್ ಟಂಗ್ಸ್' ಅಂತ ಇದೆ. ಅದು ಪೂರ್ತಿ ಬಾಯಿಯಲ್ಲೇ, ನಮ್ಮ ಕೊನ್ನಕ್ಕೋಲಿನ, ಅಂದರೆ ಮೃದಂಗದ ನಡೆಯನ್ನು ಬಾಯಲ್ಲೇ ಹೇಳುವ ಕಲೆಯ, ಸೊಲ್ಲುಗಳನ್ನೇ ಇಟ್ಟುಕೊಂಡು ಮಾಡಿದ್ದು. ಮಧ್ಯೆ ಮಧ್ಯೆ ತನ್ನದೇ ಶಬ್ದಗಳನ್ನೂ ಸೇರಿಸುತ್ತಾಳೆ. ಬಾಯಿ ಉರಿಯುವ ಒಂದು ಕಾಯಿಲೆಯಿಂದ ಈಗ ಅವಳು ಹಾಡುವುದಿಲ್ಲ.

ಪುಟ್ಟಿಯ ಮೃದಂಗದ ಮೇಷ್ಟ್ರಿಗೆ ಇದನ್ನು ಕೇಳಿಸಬೇಕು. ಯಾರು, ಎಲ್ಲಿಯವಳು ಅಂತ ಮೊದಲೇ ಹೇಳಬೇಡಿ, ಫೋಟೊನೂ ತೋರಿಸಬೇಡಿ. ಬರೀ ಕೇಳಿಸಿ. ತಾಳ ಎಲ್ಲಿ ಜಾರಿತು ಅಂತ ಬೈದರೆ ಅದನ್ನೂ ಬರಿ, ಭೇಷ್ ಅಂದರೆ ಅದನ್ನೂ ಬರಿ.

ಅಮ್ಮನಿಗೆ, ಅತ್ತಿಗೆಗೆ ನನ್ನ ನಮಸ್ಕಾರ. ಪುಟ್ಟಿಗೆ ಮುತ್ತು. ಮಂಡಿಯ ಎಕ್ಸ್‌ರೇ ತೆಗೆಸಿದ ಕೂಡಲೇ ಫೋಟೊ ಹೊಡೆದು ನನಗೆ ಕಳಿಸು, ಮರೀಬೇಡ.

ಇಂತಿ ನಿನ್ನ ಪ್ರೀತಿಯ
ತಂಗಿ