ಮೆಣಸಿನ ಎಲೆ ತಿರುವಿ ನೋಡುವವರೊಬ್ಬರನ್ನು ಕೊಡಿ

ಮಾನ್ಯ ಉಪನಿರ್ದೇಶಕರಿಗೆ, ತೋಟಗಾರಿಕೆ ಇಲಾಖೆ, ಬೆಳಗಾವಿ

ನಮಸ್ಕಾರ. ಸಂಕೇಶ್ವರದ ಹತ್ತಿರ ಒಂದೂವರೆ ಎಕರೆಯಲ್ಲಿ ಮೆಣಸಿನಕಾಯಿ ಬೆಳೆಯುವವನು ನಾನು. ಈ ಸಲದ ಅಗಿ (ಸಸಿ) ಹಚ್ಚಿ ತಿಂಗಳಾಯಿತು. ರಾತ್ರಿ ಚಳಿ, ಬೆಳಗ್ಗೆ ಇಬ್ಬನಿ ಶುರುವಾದರೆ ಬೂದಿ ರೋಗದ ಕಾಲ ಬಂತು ಅಂತಲೇ ಲೆಕ್ಕ. ಅಷ್ಟರೊಳಗೆ ನಿಮ್ಮಿಂದ ಒಂದು ಕೆಲಸ ಆಗಬೇಕು.

ಹೋದ ವರ್ಷ ನಮ್ಮ ಹೊಲದಲ್ಲಿ ಎಲೆಗಳ ಅಂಚು ಮೇಲಕ್ಕೆ ಮಡಚಿಕೊಂಡವು. ಫೋನಿನಲ್ಲಿ ಫೋಟೊ ತೆಗೆದುಕೊಂಡು ಗೊಬ್ಬರದ ಅಂಗಡಿಗೆ ಹೋದೆ. "ಮುಟುರು ಬಂದೈತ್ರಿ, ಥ್ರಿಪ್ಸ್ ಎಣ್ಣಿ ಹೊಡೀರಿ" ಅಂದರು. ಮುಟುರು ಅಂದರೆ ಎಲೆ ಮುದುಡುವುದು, ಥ್ರಿಪ್ಸ್ ಅಂದರೆ ಎಲೆಯ ರಸ ಹೀರುವ ಸಣ್ಣ ಹುಳ, ಎಣ್ಣೆ ಅಂದರೆ ನಮ್ಮಲ್ಲಿ ಹೊಡೆಯುವ ಔಷಧಿ. ಹೊಡೆದೆ. ವಾರ ಬಿಟ್ಟು ಬೇರೆ ಕಂಪನಿಯದು ಕೊಟ್ಟರು, ಅದನ್ನೂ ಹೊಡೆದೆ. ಎಲೆ ಉದುರುವುದು ನಿಲ್ಲಲಿಲ್ಲ. ಒಂದು ಬೆಳಗ್ಗೆ ಕಾಯಿ ಬಿಡಿಸುತ್ತಿದ್ದ ನನ್ನ ಹೆಂಡತಿ ಎಲೆಯೊಂದನ್ನು ತಿರುವಿ ತೋರಿಸಿದಳು. ಕೆಳಗಡೆ ಜೋಳದ ಹಿಟ್ಟು ಉದುರಿಸಿದ ಹಾಗೆ ಬೆಳ್ಳಗಿತ್ತು. ಮೇಲ್ಗಡೆ ಅದೇ ಜಾಗಕ್ಕೆ ಹಳದಿ ಮಚ್ಚೆ.

ಅದು ಬೂದಿ ರೋಗ. ಶಿಲೀಂಧ್ರದಿಂದ ಬರುವಂಥದ್ದು. ಹುಳಕ್ಕೆ ಹೊಡೆಯುವ ಎಣ್ಣೆಗೆ ಅದು ಬಗ್ಗುವುದಿಲ್ಲ. ಗಿಡ ಬೋಳಾಗಿ, ನೆರಳಿಲ್ಲದ ಕಾಯಿಗಳು ಬಿಸಿಲಿಗೆ ಬಿಳಿಚಿಕೊಂಡಿದ್ದವು.

ಥ್ರಿಪ್ಸ್‌ಗೂ ಎಲೆ ಮೇಲಕ್ಕೆ ಮಡಚುತ್ತದೆ, ಬೂದಿ ರೋಗಕ್ಕೂ ಹಾಗೇ. ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ ಅಲ್ವಾ? ತಿರುವಿದರೆ ಮಾತ್ರ ಗೊತ್ತಾಗುವುದು. ಮೆಣಸಿನ ಬೂದಿ ಶಿಲೀಂಧ್ರ ಮೊದಲು ಎಲೆಯ ಒಳಗೆ ಬೆಳೆಯುತ್ತದೆ, ಆಮೇಲೆ ಅಡಿಯಿಂದ ಹೊರಬೀಳುತ್ತದೆ. ಸೋಂಕು ತಗುಲಿ ಲಕ್ಷಣ ಕಾಣಲು 18ರಿಂದ 21 ದಿನ ಹಿಡಿಯುವುದುಂಟು. ಅಂದರೆ ಬಿಳಿ ಕಾಣುವ ಹೊತ್ತಿಗೇ ತಡವಾಗಿರುತ್ತದೆ. ಅದರ ಮೇಲೆ ತಪ್ಪು ಔಷಧಿಯಲ್ಲಿ ಎರಡು ವಾರ ಕಳೆದರೆ ಬೆಳೆ ಉಳಿಯುವುದು ಹೇಗೆ? ಶುರುವಿನಲ್ಲೇ ಗುರುತಿಸಿದ್ದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ, ಬಿಸಿಲು ಇಳಿದ ಮೇಲೆ ಎಲೆಯ ಅಡಿ ತೋಯುವಂತೆ ಹೊಡೆಯಬಹುದಿತ್ತು. ನಾನು ಹೊಡೆದ ಎಣ್ಣೆಗಳ ಮುಂದೆ ಅದರ ಖರ್ಚು ತೀರಾ ಕಡಿಮೆ.

ಕಾಯಿ ಕೊಳೆ ರೋಗದ್ದೂ ಇದೇ ಕಥೆ. ಹಣ್ಣಾದ ಕಾಯಿಯ ಮೇಲೆ ಗುಂಡನೆಯ ತಗ್ಗು, ಅದರಲ್ಲಿ ಸುತ್ತು ಸುತ್ತಾಗಿ ಕಪ್ಪು ಚುಕ್ಕಿ. ಅದು ಬೀಜದ ಮೂಲಕವೂ ಬರುತ್ತದೆ. ಮನೆಯ ಬೀಜ ಇಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥ ಕಾಯಿಯ ಬೀಜ ಇಡಬೇಡಿ, ಬೀಜಕ್ಕೆ ಔಷಧಿ ಹಚ್ಚಿ ಬೀಜೋಪಚಾರ ಮಾಡಿಯೇ ಸಸಿ ಮಡಿಗೆ ಹಾಕಿ ಅಂತ ಅವರಿಗೆ ಯಾರಾದರೂ ಹೇಳಬೇಕು.

ನಾನು ಕೇಳುವುದು ದೊಡ್ಡದೇನಲ್ಲ. ಮೆಣಸಿನಕಾಯಿ ಬೆಳೆಯುವ ಹೋಬಳಿಗಳಲ್ಲಿ ಸಂತೆಯ ದಿನ ಒಬ್ಬ ಅಧಿಕಾರಿ, ಒಂದು ಭೂತಗನ್ನಡಿ, ಒಂದು ಮೇಜು. ನಾವು ಎಲೆ, ಕಾಯಿ ತರುತ್ತೇವೆ. ಅವರು ನೋಡಿ ರೋಗದ ಹೆಸರು, ಔಷಧಿ, ಅಳತೆ ಚೀಟಿಯಲ್ಲಿ ಬರೆದು ಕೊಡಲಿ. ಅಂಗಡಿಗೆ ಆ ಚೀಟಿ ಹಿಡಿದು ಹೋಗುತ್ತೇವೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದವರನ್ನು ಕರೆಸಿ ಅಂಗಡಿಯವರಿಗೂ ಅರ್ಧ ದಿನ ಎಲೆ ತೋರಿಸಿದರೆ ಇನ್ನೂ ಒಳ್ಳೆಯದು. ಅಂಗಡಿಯವರಲ್ಲೂ ಬಹಳ ಜನ ಬೇಕಂತ ಮೋಸ ಮಾಡುವವರಲ್ಲ, ಗೊತ್ತಿಲ್ಲದೆ ಕೊಡುತ್ತಾರೆ.

ದೀಪಾವಳಿಗೆ ಮೊದಲು ಆ ಮೇಜು ಹಾಕಿಸಿ. ಮೊದಲನೇ ದಿನ ಎಲೆ ಹಿಡಿದುಕೊಂಡು ನಾನೇ ಬರುತ್ತೇನೆ, ನನ್ನ ಹೆಂಡತಿಯನ್ನೂ ಕರೆದುಕೊಂಡು.

ಇಂತಿ,
ಹುಕ್ಕೇರಿ ತಾಲ್ಲೂಕಿನ ಒಬ್ಬ ಮೆಣಸಿನಕಾಯಿ ಬೆಳೆಗಾರ