ಮೊದಲ ಸೈಲೆನ್ಸರ್ ಕೊಳ್ಳುವ ಮುಂಚೆ ನಳಿಕೆಯ ತುದಿ ನೋಡಿ

ಸಂಪಾದಕರೇ,

ನಾನು ವಿರಾಜಪೇಟೆ ಕಡೆಯವನು. ಹದಿನಾರು ವರ್ಷದಿಂದ ಟೆಕ್ಸಾಸ್‌ನ ಆಸ್ಟಿನ್ ಹತ್ತಿರ ಇದ್ದೇನೆ. ನಿಮ್ಮ ಪತ್ರಿಕೆ ದಿನಾ ಬೆಳಿಗ್ಗೆ ಮೊಬೈಲ್‌ನಲ್ಲಿ ಓದುತ್ತೇನೆ. 2026ರ ಜನವರಿ 1ರಿಂದ ಇಲ್ಲಿ ಕೋವಿಯ ಸೈಲೆನ್ಸರ್ (ನಳಿಕೆಯ ತುದಿಗೆ ತಿರುಗಿಸಿ ಸದ್ದು ಇಳಿಸುವ ಕೊಳವೆ) ಮೇಲಿದ್ದ 200 ಡಾಲರ್ ತೆರಿಗೆ ಸೊನ್ನೆಯಾಯಿತು. ಅಲ್ಲಿಂದೀಚೆಗೆ ಕನ್ನಡದ ಗೆಳೆಯರು ಒಬ್ಬರಾದ ಮೇಲೊಬ್ಬರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಮನೆಯಲ್ಲಿ ಮೂರು ರೈಫಲ್ ಇವೆ, ಮೂರಕ್ಕೂ ಆಗುವಂಥ ಒಂದು ಸೈಲೆನ್ಸರ್ ಹೇಳು." ಇಲ್ಲಿರುವ ನಮ್ಮವರು ತುಂಬಾ ಜನ ನಿಮ್ಮ ಓದುಗರೇ. ಅದಕ್ಕೇ ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಿವಿಯ ಮಾತು. ನನ್ನ ಅಜ್ಜನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಊಟಕ್ಕೆ ಕೂತಾಗ ನಾವು ಮಕ್ಕಳು ಅವರ ಬಲಗಡೆಗೇ ಕೂರಬೇಕಿತ್ತು. ವಯಸ್ಸಾಯಿತು, ಅದಕ್ಕೆ ಹಾಗೆ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ಇಲ್ಲಿಗೆ ಬಂದ ಮೇಲೆ ನನ್ನ ಎಡಗಿವಿಯಲ್ಲೂ ರಾತ್ರಿ ಹೊತ್ತು ಜೀರುಂಡೆ ಕೂಗಿದ ಹಾಗೆ ಶುರುವಾಯಿತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ "ಬಲಗೈಯಲ್ಲಿ ಕೋವಿ ಹೊಡೀತೀರಾ?" ಅಂತ. ಬಲಗೈಯವರು ಕೋವಿ ಹಿಡಿದಾಗ ಎಡಗಿವಿ ನಳಿಕೆಯ ಬಾಯಿಗೆ ಹತ್ತಿರ ಇರುತ್ತದೆ. ಬಲಗಿವಿ ತಲೆಯ ಮರೆಯಲ್ಲಿ ಇರುತ್ತದೆ. ಅಜ್ಜನ ಕಿವಿ ಹೋಗಿದ್ದು ವಯಸ್ಸಿನಿಂದಲ್ಲ, ಅವರ ಜೋಡುನಳಿಕೆ ಕೋವಿಯಿಂದ ಅಂತ ಅವತ್ತು ಅರ್ಥವಾಯಿತು. ನಮ್ಮ ಕಡೆ ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. ಆ ಸದ್ದೇ ಊರಿಗೆ ಸುದ್ದಿ. ಅದನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಕಿವಿ ಒಮ್ಮೆ ಹೋದರೆ ಹೋಯಿತು, ವಾಪಸ್ ಬರುವುದಿಲ್ಲ.

.308 ರೈಫಲ್‌ನ (ಈ ಅಂಕಿ ಸುಮಾರಾಗಿ ಗುಂಡಿನ ದಪ್ಪ, ಇಂಚಿನಲ್ಲಿ) ಒಂದು ಈಡು 160 ಡೆಸಿಬಲ್ ದಾಟುತ್ತದೆ. 140 ದಾಟಿದರೆ ಒಂದೇ ಈಡಿಗೂ ಕಿವಿಗೆ ಶಾಶ್ವತ ಪೆಟ್ಟಾಗಬಹುದು. ಒಳ್ಳೆಯ ಸೈಲೆನ್ಸರ್ 25-30 ಡೆಸಿಬಲ್ ಇಳಿಸುತ್ತದೆ, ಅಂದರೆ ಆ ಗೆರೆಯ ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ, ಅಷ್ಟೇ. ಸಿನಿಮಾದಲ್ಲಿ ತೋರಿಸುವ ಹಾಗೆ "ಪುಸ್" ಅಂತ ಸದ್ದಡಗುವುದಿಲ್ಲ. ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೋಗುತ್ತದೆ. ಸದ್ದಿನ ವೇಗ ಸುಮಾರು 340. ಹಾಗಾಗಿ ಗಾಳಿ ಸೀಳುವ ಆ ಚಾಟಿ ಏಟಿನ ಸದ್ದು ಇದ್ದೇ ಇರುತ್ತದೆ, ಅದನ್ನು ಯಾವ ಸೈಲೆನ್ಸರ್ ಕೂಡ ತಡೆಯಲ್ಲ. ಸೈಲೆನ್ಸರ್ ಕಂಡುಹಿಡಿದ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಪೇಟೆಂಟ್ ಪಡೆದರು. ಮೆಷಿನ್ ಗನ್ ಮಾಡಿದ ಮ್ಯಾಕ್ಸಿಮ್ ಅವರ ಮಗ. ಹೆಸರಿಟ್ಟಿದ್ದೂ ಅವರೇ. ಆ ಹೆಸರಿನಿಂದಲೇ ನೂರು ವರ್ಷದಿಂದ ಜನ ತಪ್ಪು ತಿಳಿದುಕೊಂಡಿದ್ದಾರೆ ಅಂತ ನನಗನ್ನಿಸುತ್ತದೆ. ಬೈಕಿಗೆ ಸೈಲೆನ್ಸರ್ ಇದ್ದರೂ ಬೈಕ್ ಬಂದದ್ದು ಗೊತ್ತಾಗುತ್ತದಲ್ವಾ? ಇದೂ ಹಾಗೇ. ನಾರ್ವೆ, ಫಿನ್‌ಲ್ಯಾಂಡ್‌ನಲ್ಲಿ ಬೇಟೆಗಾರರು ಇದನ್ನು ಹಾಕುವುದು ತೀರಾ ಮಾಮೂಲಿ. ನಾನು ಇವತ್ತಿಗೂ ಸೈಲೆನ್ಸರ್ ಹಾಕಿದ ಮೇಲೂ ಕಿವಿಗೆ ಮುಚ್ಚಳ ಹಾಕಿಯೇ ಹೊಡೆಯುತ್ತೇನೆ.

ಈಗ ಆಯ್ಕೆಯ ವಿಷಯ. ನನ್ನ ಹತ್ತಿರ ಇರುವುದು ಒಂದು .22, ಒಂದು .223 ಎಆರ್ (ತಾನೇ ಮುಂದಿನ ತೋಟೆ ತುಂಬಿಕೊಳ್ಳುವ ರೈಫಲ್), ಒಂದು .308 ಬೋಲ್ಟ್ ರೈಫಲ್ (ಪ್ರತಿ ಸಲ ಕೈಯಿಂದ ಎಳೆದು ತೋಟೆ ತುಂಬುವಂಥದ್ದು). ಟೆಕ್ಸಾಸ್‌ನಲ್ಲಿ ತುಂಬಾ ಮನೆಗಳಲ್ಲಿ ಹೆಚ್ಚು ಕಡಿಮೆ ಇವೇ ಮೂರು ಇರುತ್ತವೆ, .308 ಬದಲು 6.5 ಕ್ರೀಡ್‌ಮೂರ್ (ಸ್ವಲ್ಪ ಸಣ್ಣ, 6.5 ಮಿ.ಮೀ. ಗುಂಡಿನದ್ದು) ಇರಬಹುದು. ಮೊದಲ ಸೈಲೆನ್ಸರ್ .30 ಅಳತೆಯದ್ದೇ ತೆಗೆದುಕೊಳ್ಳಿ. ದೊಡ್ಡ ತೂತಿನಲ್ಲಿ ಸಣ್ಣ ಗುಂಡು ಹೋಗುತ್ತದೆ, ಸಣ್ಣ ತೂತಿನಲ್ಲಿ ದೊಡ್ಡದು ಹೋಗಲ್ಲ. .223ಗೆ ಅಂತಲೇ ಮಾಡಿದ್ದನ್ನು ಅಪ್ಪಿತಪ್ಪಿ .308ಗೆ ಹಾಕಿ ಹೊಡೆದರೆ ಅದು ಒಡೆದು ಹೋಗುತ್ತದೆ, ಪಕ್ಕದಲ್ಲಿ ನಿಂತವರಿಗೂ ಅಪಾಯ. .30ರದ್ದನ್ನು .223 ಮೇಲೆ ಹಾಕಿದರೆ ಸದ್ದು ಸ್ವಲ್ಪ ಜಾಸ್ತಿ ಬರುತ್ತದೆ, ನಿಜ. ಅದು ಕೆಲವೇ ಡೆಸಿಬಲ್ ವ್ಯತ್ಯಾಸ. ಅಷ್ಟಕ್ಕಾಗಿ ಎರಡೆರಡು ಕೊಳ್ಳಬೇಕಾಗಿಲ್ಲ. ಇನ್ನೂ ದೊಡ್ಡ ತೋಟೆ ಹೊಡೆಯುವ ರೈಫಲ್ ಇದ್ದರೆ ಕಂಪನಿ ಯಾವ ತೋಟೆಗೆ, ಎಷ್ಟು ಉದ್ದದ ನಳಿಕೆಗೆ ಒಪ್ಪಿಗೆ ಕೊಟ್ಟಿದೆ ಅಂತ ಪುಸ್ತಕದಲ್ಲಿ ಓದಿಕೊಳ್ಳಿ. ನಳಿಕೆ ಗಿಡ್ಡವಾದಷ್ಟೂ ಸೈಲೆನ್ಸರ್ ಒಳಗೆ ಒತ್ತಡ ಜಾಸ್ತಿ.

.22ಗೆ ಮಾತ್ರ ಇದನ್ನು ಹಾಕಬೇಡಿ. ಹಾಕಿದರೆ ಸದ್ದೇನೋ ಚೆನ್ನಾಗಿ ಇಳಿಯುತ್ತದೆ, ಎಲ್ಲರಿಗೂ ಆ ಆಸೆ ಹುಟ್ಟುತ್ತದೆ. ಆದರೆ .22 ತೋಟೆಯ ಗುಂಡು ಬಹುಪಾಲು ಬರೀ ಸೀಸ. ಆ ಸೀಸ ಮಸಿಯ ಜೊತೆ ಸೇರಿ ಒಳಗಿನ ತಟ್ಟೆಗಳಿಗೆ ಅಂಟುತ್ತಾ ಹೋಗುತ್ತದೆ. ದೊಡ್ಡ ರೈಫಲ್‌ನ ಸೈಲೆನ್ಸರ್‌ಗಳು ಹೆಚ್ಚಿನವು ಬೆಸುಗೆ ಹಾಕಿ ಮುಚ್ಚಿದ್ದು, ಬಿಚ್ಚಿ ತೊಳೆಯಲು ಆಗಲ್ಲ. .22ಗೆ ಅಂತ ಬಿಚ್ಚಿ ತೊಳೆಯುವಂಥದ್ದೇ ಬೇರೆ ಇದೆ. ಬೆಲೆಯೂ ಕಡಿಮೆ. ಅದನ್ನು ಎರಡನೆಯದಾಗಿ ತಗೊಳ್ಳಿ.

ತೂಕ, ಉದ್ದ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದಾಗ ಎಲ್ಲವೂ ಹಗುರವೇ. 2022ರಲ್ಲಿ ನಾನು ಅತಿ ಕಡಿಮೆ ಸದ್ದಿನದ್ದು ಬೇಕು ಅಂತ ಒಂಬತ್ತು ಇಂಚಿನ ಉಕ್ಕಿನದ್ದು ತಗೊಂಡೆ. ಅರ್ಧ ಕೆಜಿಗಿಂತ ಜಾಸ್ತಿ ತೂಕ. 24 ಇಂಚಿನ ನಳಿಕೆಯ ತುದಿಗೆ ಅದನ್ನು ತಿರುಗಿಸಿದರೆ ರೈಫಲ್ ಅಡಿಕೆ ಕೊಯ್ಯುವ ದೋಟಿಯಷ್ಟು ಉದ್ದ ಅನಿಸುತ್ತಿತ್ತು. ಜೀಪಿನ ಬಾಗಿಲಿಗೆ ತಾಗುತ್ತಿತ್ತು. ಪೊದೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಇಲ್ಲಿ ನಾವು ಹೊಡೆಯುವುದು ಕಾಡುಹಂದಿ. ನಮ್ಮ ಮಲೆನಾಡಿನ ಗದ್ದೆಗೆ ನುಗ್ಗಿದ ಹಾಗೇ ಇಲ್ಲೂ ಜೋಳದ ಹೊಲ ಪೂರಾ ಉತ್ತು ಹಾಕುತ್ತವೆ. ಅವುಗಳ ಹಿಂದೆ ಕತ್ತಲಲ್ಲಿ ನಡೆಯುವಾಗ ಮೂಗು ಭಾರದ ಕೋವಿ ಹಿಡಿದು ಹತ್ತು ನಿಮಿಷ ಕಳೆದರೆ ಎಡಗೈ ನಡುಗುತ್ತದೆ. ಈಗ ಇರುವುದು ಆರೂವರೆ ಇಂಚಿನ ಟೈಟಾನಿಯಂ, ಸುಮಾರು 350 ಗ್ರಾಂ. ಎರಡು ಮೂರು ಡೆಸಿಬಲ್ ಜಾಸ್ತಿ ಕೇಳಿಸಬಹುದು, ಆದರೆ ಪ್ರತಿ ಸಲ ಮನೆಯಿಂದ ಹೊರಡುವಾಗ ಅದನ್ನು ತಗೊಂಡು ಹೋಗುತ್ತೇನೆ, ಹಳೆಯದು ಕಪಾಟಿನಲ್ಲೇ ಕೂತಿರುತ್ತದೆ. ಎಆರ್‌ನಲ್ಲಿ ಬೇಗ ಬೇಗ ಮ್ಯಾಗಜೀನ್ ಖಾಲಿ ಮಾಡುವವರಾದರೆ ಮಾತು ಬೇರೆ, ಅವರಿಗೆ ಉಕ್ಕು ಅಥವಾ ಇಂಕನೆಲ್ (ಬಿಸಿ ತಡೆಯುವ ನಿಕಲ್ ಮಿಶ್ರಲೋಹ) ಬೇಕು. ಟೈಟಾನಿಯಂ ಆ ಬಿಸಿ ತಡೆಯಲ್ಲ, ಕಿಡಿ ಉಗುಳುತ್ತಾ ಸವೆಯುತ್ತದೆ. ಎಆರ್‌ಗೆ ಇನ್ನೊಂದು ತೊಂದರೆಯೂ ಇದೆ. ತಡೆದ ಗ್ಯಾಸ್ ಹಿಂದಕ್ಕೆ ಬಂದು ಮುಖಕ್ಕೆ ಹೊಡೆಯುತ್ತದೆ, ಕಣ್ಣು ಉರಿಯುತ್ತದೆ. ಹೆಚ್ಚು ಎಆರ್ ಹೊಡೆಯುವವರು ಗ್ಯಾಸ್ ಮುಂದಕ್ಕೇ ಹೋಗುವಂತೆ ಮಾಡಿದ ಸೈಲೆನ್ಸರ್ ನೋಡುವುದು ಒಳ್ಳೆಯದು.

ಹಲವು ರೈಫಲ್‌ಗೆ ಒಂದೇ ಸೈಲೆನ್ಸರ್ ಅಂದಾಗ ನಿಜವಾದ ಕೆಲಸ ಇರುವುದು ನಳಿಕೆಯ ತುದಿಯ ತಿರುಪಿನಲ್ಲಿ. ಇಲ್ಲಿ .22, .223ಗೆ ಸಾಮಾನ್ಯವಾಗಿ ಅರ್ಧ ಇಂಚು ದಪ್ಪ, ಇಂಚಿಗೆ 28 ಸುತ್ತಿನ ಥ್ರೆಡ್. .30ಗೆ 5/8 ಇಂಚು, 24 ಸುತ್ತು. ಅದಕ್ಕೇ ಹಿಂಭಾಗ ಬಿಚ್ಚಿ ಬದಲಾಯಿಸುವಂಥ ಸೈಲೆನ್ಸರ್ ತೆಗೆದುಕೊಳ್ಳಿ. ಹಬ್ ಥ್ರೆಡ್ ಅನ್ನುತ್ತಾರೆ, 1.375 ಇಂಚು ದಪ್ಪ, ಇಂಚಿಗೆ 24 ಸುತ್ತು. ಈಗ ಬಹಳಷ್ಟು ಕಂಪನಿಗಳು ಇದೇ ಅಳತೆ ಕೊಡುತ್ತವೆ, ಯಾರದ್ದೋ ಅಡಾಪ್ಟರ್ ಯಾರದ್ದೋ ಸೈಲೆನ್ಸರ್‌ಗೆ ಕೂರುತ್ತದೆ. ನಾಳೆ ಹೊಸ ರೈಫಲ್ ಬಂದರೆ ಒಂದು ಅಡಾಪ್ಟರ್ ಕೊಂಡರೆ ಸಾಕು.

ಈ ತಿರುಪಿನ ವಿಷಯದಲ್ಲಿ ನನಗೆ ಆದದ್ದನ್ನು ಹೇಳಲೇಬೇಕು. ನನ್ನ .308ಗೆ ಮೊದಲು ಥ್ರೆಡ್ ಇರಲಿಲ್ಲ. ಒಬ್ಬ ಗನ್‌ಸ್ಮಿತ್ ಹತ್ತಿರ ಕೊಟ್ಟು ಕೊರೆಸಿದೆ. ನೋಡಲು ಚೆನ್ನಾಗಿಯೇ ಇತ್ತು, ಸೈಲೆನ್ಸರ್ ನಯವಾಗಿ ತಿರುಗಿ ಕೂತಿತು. ರೇಂಜ್‌ನಲ್ಲಿದ್ದ ಒಬ್ಬ ಹಿರಿಯರು "ಕಂಬಿ ಹಾಕಿ ನೋಡಿದೆಯಾ?" ಅಂದರು. ಅವರ ಪೆಟ್ಟಿಗೆಯಲ್ಲಿ ನಳಿಕೆಯ ಒಳಗಿನ ಅಳತೆಗೇ ಸರಿಯಾಗಿ ಉಜ್ಜಿದ ಉಕ್ಕಿನ ಕಂಬಿ ಇತ್ತು. ಬೋಲ್ಟ್ ಹೊರಗೆ ತೆಗೆದು, ಕೋವಿ ಖಾಲಿ ಅಂತ ಇಬ್ಬರೂ ನೋಡಿ, ಸೈಲೆನ್ಸರ್ ಮುಂದಿನಿಂದ ಕಂಬಿಯನ್ನು ನಳಿಕೆಯೊಳಕ್ಕೆ ಇಳಿಸಿದರು. ಕಂಬಿ ತೂತಿನ ನಡುವೆ ನಿಲ್ಲಬೇಕು, ಸುತ್ತಲೂ ಒಂದೇ ಸಮ ಬೆಳಕು ಕಾಣಬೇಕು. ನನ್ನದರಲ್ಲಿ ಎಡಗಡೆ ಒಂದು ಕೂದಲಿನಷ್ಟು ಜಾಗವೂ ಇರಲಿಲ್ಲ, ಬಲಗಡೆ ಅಮಾವಾಸ್ಯೆ ಕಳೆದು ಮೂರು ದಿನದ ಚಂದ್ರನ ಹಾಗೆ ಬೆಳಕು. ಹೊಡೆದಿದ್ದರೆ ಗುಂಡು ಒಳಗಿನ ತಟ್ಟೆಗೆ ತಾಗಿ ಸೈಲೆನ್ಸರ್ ಹಾಳಾಗುತ್ತಿತ್ತು. ಬೇರೆ ಕಡೆ ನಳಿಕೆ ಕತ್ತರಿಸಿ ಮತ್ತೆ ಥ್ರೆಡ್ ಮಾಡಿಸಿದೆ. ಆ ಕಂಬಿಗೆ ಸುಮಾರು ಐವತ್ತು ಅರವತ್ತು ಡಾಲರ್. ಒಂದೊಂದು ರೈಫಲ್‌ಗೂ ಮೊದಲ ಸಲ ಹಾಕುವಾಗ ನೋಡಲೇಬೇಕು. ಆಮೇಲೆ ಸೈಲೆನ್ಸರ್ ಹಾಕಿಕೊಂಡೇ ಗುರಿ ಸರಿ ಮಾಡಿಕೊಳ್ಳಿ, ತುದಿಯಲ್ಲಿ ಭಾರ ಬಂದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ. ಐದಾರು ಈಡಿಗೊಮ್ಮೆ ಸಡಿಲವಾಗಿದೆಯಾ ಅಂತ ಕೈಗವಸು ಹಾಕಿ ಮುಟ್ಟಿ ನೋಡಿ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ.

ಕಾಗದ ಪತ್ರದ ಮಾತು. ತೆರಿಗೆ ಹೋಗಿದೆ, ನೋಂದಣಿ ಹೋಗಿಲ್ಲ. 1934ರ ಕಾನೂನಿನ ಪ್ರಕಾರ ಬೆರಳಚ್ಚು, ಫೋಟೋ, ಕೇಂದ್ರ ಇಲಾಖೆಯ ಒಪ್ಪಿಗೆ ಈಗಲೂ ಬೇಕು. ನಿಮ್ಮ ಹೆಸರಲ್ಲಿದ್ದರೆ ನೀವು ಪಕ್ಕದಲ್ಲಿ ಇಲ್ಲದಾಗ ಹೆಂಡತಿಯ ಕೈಗೂ ಕೊಡುವಂತಿಲ್ಲ. ಅದಕ್ಕೇ ಹಲವರು ಮನೆಯವರನ್ನೂ ಸೇರಿಸಿ ಟ್ರಸ್ಟ್ ಮಾಡಿ ಅದರ ಹೆಸರಲ್ಲಿ ಕೊಳ್ಳುತ್ತಾರೆ, ನಾನೂ ಹಾಗೇ ಮಾಡಿದ್ದು. ವೀಸಾದ ಮೇಲೆ ಇರುವವರಿಗೆ ಕೋವಿಯ ನಿಯಮವೇ ಬೇರೆ. ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಇವೆ. ಗೆಳೆಯನ ಮಾತು ಕೇಳಿ ಸುಮ್ನೆ ಮುಂದುವರಿಯಬೇಡಿ, ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಕನಸೇ ಹೋಗಬಹುದು.

ಇನ್ನೊಂದು ವಿಷಯ ನಮ್ಮವರಿಗೆ ತುಂಬಾ ಮುಖ್ಯ, ಅಂಗಡಿಯವರು ಇದನ್ನು ಹೇಳುವುದು ಕಡಿಮೆ. 42 ರಾಜ್ಯಗಳಲ್ಲಿ ಸೈಲೆನ್ಸರ್ ಇಟ್ಟುಕೊಳ್ಳಬಹುದು, ಎಂಟರಲ್ಲಿ ಆಗಲ್ಲ. ಆ ಎಂಟರಲ್ಲಿ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್ಸ್, ಮ್ಯಾಸಚೂಸೆಟ್ಸ್ ಸೇರಿವೆ. ನಮ್ಮವರ ಕೆಲಸ ಇರುವುದೇ ಅಲ್ಲಿ ತಾನೇ. ಕೆಲಸ ಬದಲಾಯಿಸಿ ಅಲ್ಲಿಗೆ ಹೋದರೆ ಸೈಲೆನ್ಸರ್ ಜೊತೆಗೆ ಒಯ್ಯುವಂತಿಲ್ಲ. ಊರಿಗೆ ವಾಪಸ್ ತರುವ ಮಾತಂತೂ ಇಲ್ಲವೇ ಇಲ್ಲ. ಭಾರತದ ಆರ್ಮ್ಸ್ ನಿಯಮದಲ್ಲಿ ಕೋವಿಯ ಸದ್ದು ಅಡಗಿಸುವ ಸಾಮಾನು ನಿಷೇಧಿತ ಆಯುಧಗಳ ಸಾಲಿನಲ್ಲೇ ಬರುತ್ತದೆ, ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಕೊಡಗಿನ ನಮ್ಮ ವಿನಾಯಿತಿ ಇದಕ್ಕೆ ಅನ್ವಯಿಸಲ್ಲ. ಇಲ್ಲಿಂದ ಹೊರಗೆ ಸಾಗಿಸಲೂ ಅಮೆರಿಕದ ರಫ್ತು ಅನುಮತಿ ಬೇಕು. ಮಾರಲು ಹೋದರೆ ಕೊಳ್ಳುವವನು ಮತ್ತೆ ಅದೇ ಬೆರಳಚ್ಚು, ಅದೇ ಅರ್ಜಿ, ಅದೇ ಕಾಯುವಿಕೆ ಮಾಡಬೇಕು. ಹಾಗಾಗಿ ಹಳೆಯದನ್ನು ಕೊಳ್ಳುವವರು ಕಡಿಮೆ, ಕೊಂಡರೂ ಅರ್ಧ ಬೆಲೆಗೆ ಕೇಳುತ್ತಾರೆ.

ಕಳೆದ ವಾರ ಫೋನ್ ಮಾಡಿದ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಮೂಡಿಗೆರೆ ಕಡೆಯವನು, ಡಲ್ಲಾಸ್‌ನಲ್ಲಿದ್ದಾನೆ. ಒಂದು .223, ಒಂದು 6.5 ಕ್ರೀಡ್‌ಮೂರ್ ಇದೆ. ಕೊನೆಗೆ ಕೇಳಿದೆ, ಮುಂದಿನ ವರ್ಷ ಎಲ್ಲಿರುತ್ತೀಯ ಅಂತ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಎರಡು ಇಂಟರ್‌ವ್ಯೂ ಆಗಿದೆಯಂತೆ. ಹಾಗಿದ್ದರೆ ಅದು ತೀರ್ಮಾನ ಆಗುವ ತನಕ ಸೈಲೆನ್ಸರ್ ಬೇಡ, ಕಿವಿಯೊಳಗೆ ಸ್ಪಂಜಿನ ಬಿರಡೆ, ಅದರ ಮೇಲೆ ದಪ್ಪ ಇಯರ್‌ಮಫ್, ಎರಡನ್ನೂ ಒಟ್ಟಿಗೆ ಹಾಕಿಕೋ ಅಂದೆ. ಅವತ್ತೇ ಸಂಜೆ ಎರಡನ್ನೂ ತಗೊಂಡು ಫೋಟೋ ಕಳಿಸಿದ.

ಆಸ್ಟಿನ್ ಬಳಿಯ ನಿಮ್ಮ ಓದುಗ
ಟೆಕ್ಸಾಸ್, ಅಮೆರಿಕ